ಎರಡೂ ಆನೆ ಕೊಟ್ಟ ಮೇಲೆ

ಚದುರಂಗದ ಆಟವೊಂದನ್ನು ಕಥೆ ಓದಿದ ಹಾಗೆ ಓದಿ ವಿಮರ್ಶೆ ಬರೆಯುವುದುಂಟೆ ಎಂದು ಗೆಳೆಯರೊಬ್ಬರು ನಕ್ಕರು. ಯಾಕಾಗಬಾರದು? ಅಲ್ಲೂ ಆಸೆ ಇದೆ, ಭಯ ಇದೆ, ತಪ್ಪಿದ ಲೆಕ್ಕ ಇದೆ. ಇಬ್ಬರು ಕೂಡಿ ಬರೆಯುವ ಕಥೆ ಅದು. ನಾವು ಓದಲು ಹೊರಟಿರುವುದು 1851ರ ಜೂನ್ 21ರಂದು ಲಂಡನ್ನಿನ ಸಿಂಪ್ಸನ್ಸ್ ದಿವಾನ್ ಎಂಬಲ್ಲಿ ನಡೆದ ಆಟವನ್ನು. ಲೋಕ ಅದನ್ನು ‘ಅಮರ ಆಟ’ ಎಂದು ಕರೆಯುತ್ತದೆ. ಸಿಗಾರ್ ಸೇದುತ್ತಾ ಕಾಫಿ ಕುಡಿಯುತ್ತಾ ಚದುರಂಗ ಆಡುವ ಜಾಗಕ್ಕೆ ಇಂಗ್ಲಿಷರು ನಮ್ಮ ‘ದಿವಾನ್’ ಪದವನ್ನೇ ಇಟ್ಟುಕೊಂಡಿದ್ದರು.

ಆ ವರ್ಷ ಲಂಡನ್ನಿನಲ್ಲಿ ಮಹಾ ವಸ್ತುಪ್ರದರ್ಶನ. ಎರಡು ವರ್ಷದ ಹಿಂದಷ್ಟೇ ಪಂಜಾಬಿನ ಬಾಲಕ ರಾಜ ದುಲೀಪ್ ಸಿಂಗನ ಕೈಯಿಂದ ಪಡೆದ ಕೊಹಿನೂರ್ ವಜ್ರವನ್ನೂ ಅಲ್ಲಿ ಜನ ನೋಡಲೆಂದು ಇಟ್ಟಿದ್ದರು. ಅದೇ ಸಂದರ್ಭದಲ್ಲಿ ಅಂತಾರಾಷ್ಟ್ರೀಯ ಚದುರಂಗ ಪಂದ್ಯಾವಳಿಯೂ ನಡೆಯಿತು. ಗೆದ್ದವನು ಬ್ರೆಸ್ಲಾವಿನ ಗಣಿತದ ಮೇಷ್ಟ್ರು ಅಡಾಲ್ಫ್ ಆಂಡರ್ಸೆನ್. ಮೊದಲ ಸುತ್ತಿನಲ್ಲೇ ಅವನಿಗೆ ಸೋತವನು ಲಿಯೋನೆಲ್ ಕೀಸೆರಿಟ್ಸ್ಕಿ. ಇವನು ಪ್ಯಾರಿಸ್ಸಿನ ಕಾಫಿಖಾನೆಯಲ್ಲಿ ಚದುರಂಗ ಹೇಳಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದ ಮನುಷ್ಯ. ‘ಅಮರ ಆಟ’ ಪಂದ್ಯಾವಳಿಯ ಲೆಕ್ಕಕ್ಕೆ ಸೇರಿದ್ದಲ್ಲ. ಇಬ್ಬರೂ ಬಿಡುವಿನಲ್ಲಿ ಸುಮ್ಮನೆ ಕೂತು ಆಡಿದ್ದು.

ಮುಂದೆ ಹೋಗುವ ಮುನ್ನ ಕಾಯಿಗಳ ಹೆಸರಿನ ಒಂದು ಗೊಂದಲ ಬಿಡಿಸಬೇಕು. ಮೂಲೆಯಲ್ಲಿ ನಿಲ್ಲುವ ಕಾಯಿ ಕನ್ನಡದವರಿಗೆ ಆನೆ, ಫಾರಸಿ ಉರ್ದುವಿನಲ್ಲಿ ಅದು ರುಖ್. ಫಾರಸಿಯವರ ಆನೆ, ಅಂದರೆ ಫೀಲ್, ನಮ್ಮ ಒಂಟೆಯ ಜಾಗದಲ್ಲಿ ನಿಲ್ಲುತ್ತದೆ. ಉರ್ದು ಶಾಲೆಯಲ್ಲಿ ಒಂದು, ಕನ್ನಡ ಓಣಿಯಲ್ಲಿ ಇನ್ನೊಂದು ಕಲಿತ ನಮ್ಮಂಥವರಿಗೆ ಆನೆ ಎಲ್ಲಿ ನಿಲ್ಲಬೇಕೆಂಬುದು ಬಹಳ ದಿನ ಜಗಳದ ವಿಷಯವಾಗಿತ್ತು. ಇಲ್ಲಿ ಕನ್ನಡದ ಹೆಸರನ್ನೇ ಬಳಸುತ್ತೇವೆ.

ಹದಿನೇಳು ನಡೆಗಳಾಗುವ ಹೊತ್ತಿಗೆ ಕೀಸೆರಿಟ್ಸ್ಕಿ ಆಗಲೇ ಒಂದು ಒಂಟೆ ನುಂಗಿದ್ದಾನೆ. ಅವನ ಮಂತ್ರಿ ಎದುರಾಳಿಯ ಮನೆಯೊಳಗೆ ನುಗ್ಗಿ ಒಂದು ಕಾಲಾಳನ್ನು ಹೊಡೆದು ಕೂತಿದೆ. ಅದರ ಕಣ್ಣು ಆಂಡರ್ಸೆನ್ನನ ಒಂದು ಆನೆಯ ಮೇಲೆ. ಅವನ ಒಂಟೆಯ ಕಣ್ಣು ಇನ್ನೊಂದು ಆನೆಯ ಮೇಲೆ. ಯಾರೇ ಆದರೂ ಈಗ ಆನೆ ಉಳಿಸಿಕೊಳ್ಳಲು ನೋಡುತ್ತಾರೆ. ಆಂಡರ್ಸೆನ್ ಎರಡನ್ನೂ ಅಲ್ಲೇ ಬಿಟ್ಟು ತನ್ನ ಒಂಟೆಯನ್ನು ಎದುರು ರಾಜನ ಬಾಗಿಲ ಬಳಿ ತಂದಿಟ್ಟ. ಕೀಸೆರಿಟ್ಸ್ಕಿ ಒಂದು ಆನೆ ಹೊಡೆದ.

ಆಗ ಬಂತು ಹತ್ತೊಂಬತ್ತನೆಯ ನಡೆ. ನಮಗೆ ಇಡೀ ಆಟದಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಇದೇ. ನಡುವಿನ ಒಂದು ಕಾಲಾಳು ಒಂದು ಮನೆ ಮುಂದೆ ಸರಿಯುತ್ತದೆ, ಅಷ್ಟೆ. ಏನನ್ನೂ ಹೊಡೆಯುವುದಿಲ್ಲ, ಶಹ್ ಕೊಡುವುದಿಲ್ಲ. ಆದರೆ ಎದುರಾಳಿಯ ಮಂತ್ರಿ ದೂರದಲ್ಲಿ ಕೂತೇ ತನ್ನ ರಾಜನನ್ನು ಕಾಯುತ್ತಿದ್ದ ಓರೆದಾರಿ ಅಲ್ಲಿಗೆ ಮುಚ್ಚಿಹೋಯಿತು. ಲೂಟಿಗೆ ಹೋದ ಸರದಾರ ಹಿಂದಿರುಗಿ ನೋಡಿದರೆ ಊರಿಗೆ ಹೋಗುವ ಸೇತುವೆಯೇ ಇಲ್ಲ. ಅವನು ಎರಡನೆಯ ಆನೆಯನ್ನೂ ಹೊಡೆದು ಶಹ್ ಕೊಟ್ಟ. ಆಂಡರ್ಸೆನ್ನನ ರಾಜ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಈಗ ಕುದುರೆಯೊಂದು ಹಾರಿ ಶಹ್ ಕೊಟ್ಟರೆ ಒಂಟೆ ಮಾತ್ ಕೊಡುವುದು ಖಚಿತ. ಅದನ್ನು ತಡೆಯಲು ಕೀಸೆರಿಟ್ಸ್ಕಿ ತನ್ನ ಕುದುರೆಯನ್ನು ಅಂಚಿಗೆ ತಂದ. ಒಂದು ಬಾಗಿಲು ಭದ್ರವಾಯಿತು. ಇನ್ನೊಂದು ಬಾಗಿಲನ್ನು ಅವನ ಇನ್ನೊಂದು ಕುದುರೆ ಕಾಯುತ್ತಿತ್ತು. ಆಂಡರ್ಸೆನ್ ಕುದುರೆಯಿಂದ ಶಹ್ ಕೊಟ್ಟು, ಮರುನಡೆಗೆ ತನ್ನ ಮಂತ್ರಿಯನ್ನೇ ಆ ಕಾವಲು ಕುದುರೆಯ ಬಾಯಿಗೆ ಇಟ್ಟ. ಅದು ಹೊಡೆದರೂ ಮಾತ್, ಅಡ್ಡ ಬಂದರೂ ಮಾತ್. ಹೊಡೆಯಿತು. ಬಾಗಿಲು ತೆರೆಯಿತು. ಇಪ್ಪತ್ತಮೂರನೆಯ ನಡೆಗೆ ಒಂಟೆ ಒಳಗೆ ಬಂದು ಆಟ ಮುಗಿಸಿತು.

ಮುಗಿದ ಹಾಸನ್ನು ಸುಮ್ಮನೆ ಸ್ವಲ್ಪ ಹೊತ್ತು ನೋಡಬೇಕು. ಸೋತವನ ಎಂಟು ದೊಡ್ಡ ಕಾಯಿಗಳಲ್ಲಿ ಒಂದೂ ಸತ್ತಿಲ್ಲ. ಇಡೀ ಆಟದಲ್ಲಿ ಅವನು ಕಳೆದುಕೊಂಡದ್ದು ಮೂರೇ ಕಾಲಾಳು. ಗೆದ್ದವನ ಬಳಿ ರಾಜನನ್ನು ಬಿಟ್ಟರೆ ಒಂದು ಒಂಟೆ, ಎರಡು ಕುದುರೆ, ಕೆಲವು ಕಾಲಾಳು. ಸೋತವನ ಮಂತ್ರಿ, ಒಂಟೆ ಎರಡೂ ಗೆದ್ದವನ ಖಾಲಿ ಮನೆಯಲ್ಲಿ, ಆನೆಗಳಿದ್ದ ಜಾಗದಲ್ಲಿ ಕೂತಿವೆ. ಲೂಟಿ ಪೂರ್ತಿಯಾಗಿದೆ. ರಾಜ ಮಾತ್ರ ಸತ್ತಿದ್ದಾನೆ.

ಈ ಆಟ ನೋಡಿದಾಗಲೆಲ್ಲ ನಮಗೆ ದಿಲಾರಾಮಳ ನೆನಪಾಗುತ್ತದೆ. ಆಂಡರ್ಸೆನ್ನನಿಗಿಂತ ಎಷ್ಟೋ ಶತಮಾನ ಹಿಂದಿನ ಕಥೆ ಅದು. ಬಗ್ದಾದಿನಲ್ಲಿ ಅಲ್ ಅದ್ಲಿ, ಅಸ್ ಸೂಲಿಯಂಥವರು ಶತರಂಜಿನ ಬಗ್ಗೆ ಗ್ರಂಥ ಬರೆದಿಟ್ಟ ಪರಂಪರೆಗೆ ಸೇರಿದ್ದು. ಒಬ್ಬ ಅಮೀರ ಎಲ್ಲವನ್ನೂ ಸೋತು ಕೊನೆಗೆ ಹೆಂಡತಿ ದಿಲಾರಾಮಳನ್ನು ಪಣಕ್ಕಿಡುತ್ತಾನೆ. ಸೋಲು ಖಾತ್ರಿ ಎನ್ನುವಾಗ ಅವಳೇ ಪರದೆಯ ಹಿಂದಿನಿಂದ ಹೇಳುತ್ತಾಳೆ, ಎರಡೂ ರುಖ್ ಕೊಟ್ಟುಬಿಡು, ನನ್ನನ್ನು ಮಾತ್ರ ಉಳಿಸಿಕೋ ಎಂದು. ಆ ಕಾಲದ ಶತರಂಜಿನಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುವ ಬಡಪಾಯಿ. ರುಖ್‌ಗಿಂತ ಬಲವಾದ ಕಾಯಿಯೇ ಇರಲಿಲ್ಲ. ಅವನು ಎರಡನ್ನೂ ಕೊಡುತ್ತಾನೆ. ಆಮೇಲೆ ಒಂದು ಕಾಲಾಳು ಮುಂದೆ ಬರುತ್ತದೆ, ಕುದುರೆ ಮಾತ್ ಕೊಡುತ್ತದೆ. ಎರಡು ಆನೆ, ಒಂದು ಕಾಲಾಳಿನ ಹೆಜ್ಜೆ, ಉಳಿದ ಸಣ್ಣ ಕಾಯಿಗಳ ಗೆಲುವು: ಆಂಡರ್ಸೆನ್ ಈ ಸಮಸ್ಯೆಯನ್ನು ನೋಡಿದ್ದನೋ ಇಲ್ಲವೋ, ಕಲ್ಪನೆಯ ಬೇರು ಒಂದೇ.

ಪಣವಿಟ್ಟು ಆಡಿದರೆ ಹರಾಮ್ ಎಂಬ ವಿಷಯದಲ್ಲಿ ನಮ್ಮ ಉಲೇಮಾಗಳಲ್ಲಿ ಭಿನ್ನಮತವಿಲ್ಲ. ಪಣವಿಲ್ಲದ ಆಟದ ಬಗ್ಗೆ ಮಾತ್ರ ಹನಫಿಗಳು ಬಿಗಿ, ಶಾಫಿಗಳು ತುಸು ಸಡಿಲ. ಅದಿರಲಿ. ಕನ್ನಡದ ಓದುಗರಿಗೆ ಇಲ್ಲಿ ದ್ರೌಪದಿ ನೆನಪಾಗದೆ ಇರುವುದಿಲ್ಲ. ಅವಳನ್ನೂ ಪಣಕ್ಕಿಟ್ಟರು. ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕಿತ್ತೇ ಎಂದು ಅವಳು ಸಭೆಗೆ ಪ್ರಶ್ನೆ ಕಳಿಸಿದಳು. ಸಭೆಯ ಹಿರಿಯರು ನೇರ ಉತ್ತರ ಕೊಡಲಿಲ್ಲ. ದಿಲಾರಾಮ ಪ್ರಶ್ನೆ ಕೇಳುವ ಬದಲು ನಡೆ ಹೇಳಿಕೊಟ್ಟಳು. ಗಂಡನಿಗಿಂತ ಚೆನ್ನಾಗಿ ಆಟ ಬಲ್ಲವಳು ಪರದೆಯ ಹಿಂದೇ ಉಳಿದಳು ಎಂಬುದನ್ನು ಕಥೆ ಹೇಳಿದವರು ಗಮನಿಸಿದಂತೆ ಕಾಣುವುದಿಲ್ಲ.

ಚದುರಂಗದಲ್ಲಿ ಹೀಗೆ ಕಾಯಿ ಕೊಡುವುದಕ್ಕೆ ಉರ್ದುವಿನಲ್ಲಿ ಕುರ್ಬಾನಿ ಎನ್ನುತ್ತಾರೆ, ಕನ್ನಡದಲ್ಲಿ ಬಲಿ ಅಥವಾ ತ್ಯಾಗ. ರುಡಾಲ್ಫ್ ಸ್ಪೀಲ್‌ಮನ್ ಎಂಬ ಆಟಗಾರ 1935ರಲ್ಲಿ ಇದರ ಮೇಲೆಯೇ ಒಂದು ಪುಸ್ತಕ ಬರೆದ. ಆಸ್ಟ್ರಿಯಾದ ಯಹೂದಿ ಆತ. ನಾಜಿಗಳಿಂದ ತಪ್ಪಿಸಿಕೊಂಡು 1942ರಲ್ಲಿ ಸ್ಟಾಕ್‌ಹೋಮಿನಲ್ಲಿ ತೀರಿಕೊಂಡ. ತ್ಯಾಗದಲ್ಲಿ ಅವನು ಎರಡು ಬಗೆ ಮಾಡಿದ್ದ, ತೋರಿಕೆಯದು ಮತ್ತು ನಿಜದ್ದು. ಕೊಟ್ಟದ್ದು ಬಡ್ಡಿ ಸಮೇತ ವಾಪಸು ಬರುತ್ತದೆಂದು ಕೊನೆಯ ನಡೆಯವರೆಗೆ ಕಂಡು ಕೊಟ್ಟರೆ ಅದು ತೋರಿಕೆ. ಮುಂದೇನೆಂದು ಪೂರ್ತಿ ಕಾಣದೆ, ಅಪಾಯ ಒಪ್ಪಿಕೊಂಡು ಕೊಟ್ಟರೆ ನಿಜ. ಈ ಅಳತೆಗೋಲಿನಿಂದ ನೋಡಿದರೆ, ಎಲ್ಲರೂ ಬಾಯಿ ತುಂಬ ಹೊಗಳುವ ಮಂತ್ರಿಯ ಬಲಿ ತೋರಿಕೆಯದು. ಮರುನಡೆಗೇ ಮಾತ್ ಕಾಣುತ್ತಿರುವಾಗ ಯಾರು ಕೊಡುವುದಿಲ್ಲ? ಆನೆಗಳ ಬಲಿ ಮಾತ್ರ ನಿಜದ್ದು. ಆ ಹದಿನೆಂಟನೆಯ ನಡೆ ಅತ್ಯುತ್ತಮ ನಡೆಯೇ ಅಲ್ಲ, ಅದಕ್ಕಿಂತ ಗಟ್ಟಿ ನಡೆಗಳಿದ್ದವು ಎಂದು ವಿಶ್ಲೇಷಕರು ತೋರಿಸಿದ್ದಾರೆ. ಕೀಸೆರಿಟ್ಸ್ಕಿ ಬೇರೆ ಆನೆಯನ್ನು ಮೊದಲು ಹೊಡೆದು, ಮಂತ್ರಿಯನ್ನು ಹಿಂದಕ್ಕೆ ತಂದಿದ್ದರೆ ಆಟ ಅಷ್ಟು ಸುಲಭಕ್ಕೆ ಮುಗಿಯುತ್ತಿರಲಿಲ್ಲ. ಇದರಿಂದ ಆಟದ ಸೊಗಸು ಕುಂದಿತು ಎನ್ನುವವರಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ತಪ್ಪಬಹುದಾಗಿದ್ದ ಕಡೆಯಲ್ಲೇ ಆ ಮೇಷ್ಟ್ರ ಎದೆಗಾರಿಕೆ ಇದೆ.

ಆದರೆ ಕಥೆ ಬರೆಯುವವರಾದ ನಮ್ಮನ್ನು ಕಾಡುವುದು ಸ್ಪೀಲ್‌ಮನ್ ಕೇಳದ ಇನ್ನೊಂದು ಪ್ರಶ್ನೆ. ಕೊಟ್ಟವನು ಆಂಡರ್ಸೆನ್, ಹೋದದ್ದು ಆನೆ. ಮರದ ಆನೆಯನ್ನು ಯಾರೂ ಕೇಳಬೇಕಾಗಿಲ್ಲ. ಮನುಷ್ಯರನ್ನು? ನಮ್ಮ ಫುಪ್ಪಿ ಏಳನೆಯ ತರಗತಿಗೆ ಶಾಲೆ ಬಿಟ್ಟರು, ಅಬ್ಬಾ ಹೈಸ್ಕೂಲಿಗೆ ಹೋದರು. ಮನೆಯಲ್ಲಿ ಒಬ್ಬರ ಫೀಸಿಗಷ್ಟೇ ದುಡ್ಡಿತ್ತು. ಫುಪ್ಪಿಯ ಕುರ್ಬಾನಿ ದೊಡ್ಡದು ಎಂದು ಮದುವೆ, ಮುಂಜಿಗಳಲ್ಲಿ ನೆಂಟರೆಲ್ಲ ಹೇಳುತ್ತಿದ್ದರು. ಒಮ್ಮೆ ಮಾತ್ರ, ಅಕ್ಕಿ ಆರಿಸುತ್ತಾ ಕೂತಿದ್ದಾಗ, ಅವರು ತಲೆಯೆತ್ತದೆ ಹೇಳಿದರು: “ಕುರ್ಬಾನಿ ಕೊಟ್ಟವಳು ನಾನಲ್ಲ ಬೇಟಾ, ಕೊಟ್ಟವರು ಅವರು. ನಾನು ಕುರಿ.”

ಹಜ್ರತ್ ಇಬ್ರಾಹಿಮರು ಕನಸು ಕಂಡ ಮೇಲೆ ಮಗನನ್ನು ಕರೆದು, ನಿನ್ನ ಅಭಿಪ್ರಾಯವೇನು ಎಂದು ಕೇಳಿದರೆಂದು ಕುರ್‌ಆನಿನ ಅಸ್ಸಾಫ್ಫಾತ್ ಅಧ್ಯಾಯದಲ್ಲಿದೆ. ಮಗ ಒಪ್ಪಿದ ಮೇಲೆಯೇ ಮುಂದಿನದು. ಬಕ್ರೀದಿನ ಎಷ್ಟೋ ಖುತ್ಬಾಗಳನ್ನು ಕೇಳಿದ್ದೇವೆ. ಚೂರಿಯ ಬಗ್ಗೆ ಕೇಳಿದಷ್ಟು ಆ ಕೇಳುವಿಕೆಯ ಬಗ್ಗೆ ಕೇಳಿಲ್ಲ.

ಇನ್ನು ಕೀಸೆರಿಟ್ಸ್ಕಿಯ ಮಾತು ಉಳಿಯಿತು. ಗೆದ್ದವನ ಹೆಸರಿನ ಜೊತೆಗೆ ಸೋತವನ ಹೆಸರೂ ಉಳಿದ ಆಟ ಇದು. ಅದಕ್ಕೆ ಕಾರಣ ಅವನೇ. ಪ್ಯಾರಿಸ್ಸಿನಲ್ಲಿ ‘ಲಾ ರೆಜಾನ್ಸ್’ ಎಂಬ ಚದುರಂಗ ಪತ್ರಿಕೆಯ ಸಂಪಾದಕನಾಗಿದ್ದ ಅವನು, ಯಾವ ಪಂದ್ಯಕ್ಕೂ ಸೇರದ ಈ ಆಟವನ್ನು ಅಡಗಿಸಿಡಬಹುದಿತ್ತು. 1851ರ ಜುಲೈ ಸಂಚಿಕೆಯಲ್ಲಿ ತನ್ನ ಸೋಲನ್ನು ನಡೆ ನಡೆಯಾಗಿ ತಾನೇ ಅಚ್ಚು ಹಾಕಿಸಿದ. ಪತ್ರಿಕೆ ನಡೆಸುವವರಿಗೆ, ಬರೆಯುವವರಿಗೆ ಇದು ಎಷ್ಟು ಕಷ್ಟದ ಕೆಲಸವೆಂದು ಗೊತ್ತು. ಇದು ಯಾರೂ ಅವನಿಂದ ಕೇಳದೆ, ಯಾರನ್ನೂ ಮುಂದೆ ತಳ್ಳದೆ, ಅವನು ತನ್ನದನ್ನೇ ಕೊಟ್ಟದ್ದು. ಅರ್ನ್‌ಸ್ಟ್ ಫಾಲ್ಕ್‌ಬೇರ್ ಎಂಬಾತ ಈ ಆಟಕ್ಕೆ ‘ಅಮರ’ ಎಂದು ಹೆಸರಿಟ್ಟದ್ದು 1855ರಲ್ಲಿ. ಅದನ್ನು ಕೇಳಲು ಕೀಸೆರಿಟ್ಸ್ಕಿ ಇರಲಿಲ್ಲ. ಎರಡು ವರ್ಷ ಮೊದಲೇ ಪ್ಯಾರಿಸ್ಸಿನಲ್ಲಿ ತೀರಿಕೊಂಡಿದ್ದ.