ರೊರೊಗ್ವೇಲಾ: ಒಂದು ಜೋಗುಳದ ಮೂಲನಿರ್ಣಯವೂ ರಸವಿಚಾರವೂ

ಅರ್ಥವರಿಯದ ಭಾಷೆಯ ಹಾಡು ವಾದ್ಯಘೋಷದ ಹಿನ್ನೆಲೆಯಲ್ಲಿ ಕೇಳಿಬಂದಾಗ ಕೇಳುವವರಿಗೆ ವಿಸ್ಮಯಮಿಶ್ರವಾದ ಭಯವುಂಟಾಗುವುದು ಸಹಜವೇ ಸರಿ. ಆದರೆ ಆ ಭಯವು ಗೀತದ ಧರ್ಮವೋ, ಕೇಳುವವರ ಅಜ್ಞಾನದ ಫಲವೋ ಎಂಬುದು ವಿಚಾರಣೀಯವಾಗಿದೆ. ಸೊಲೊಮನ್ ದ್ವೀಪಗಳ ‘ರೊರೊಗ್ವೇಲಾ’ ಎಂಬ ಜೋಗುಳದ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವು.

ಮಲೈತಾ ದ್ವೀಪದ ಬೈಗು ಜನರಲ್ಲಿ ಆಫುನಾಕ್ವಾ ಎಂಬ ಸ್ತ್ರೀಯು ಹಾಡಿದ ಈ ಜೋಗುಳವನ್ನು ಹ್ಯೂಗೊ ಜೆಂಪ್ ಎಂಬ ವಿದ್ವಾಂಸನು 1970ರ ಸುಮಾರಿನಲ್ಲಿ ಧ್ವನಿಮುದ್ರಿಸಿದನು. ಯುನೆಸ್ಕೊ ಮಾಲೆಯ ಗಾನಮುದ್ರಿಕೆಯಲ್ಲಿ ಅದು 1973ರಲ್ಲಿ ಪ್ರಕಟವಾಯಿತು. 1992ರಲ್ಲಿ ‘ಡೀಪ್ ಫಾರೆಸ್ಟ್’ ಎಂಬ ಫ್ರೆಂಚ್ ಸಂಗೀತಗಾರರ ಜೋಡಿಯು ಆ ಕಂಠಧ್ವನಿಯನ್ನೇ ‘ಸ್ವೀಟ್ ಲಲಬೈ’ ಎಂಬ ತಮ್ಮ ರಚನೆಯಲ್ಲಿ ಅಳವಡಿಸಿತು; ಹಾಡಿದವಳ ಹೆಸರು ಮಾತ್ರ ಅಲ್ಲಿ ಕಾಣಿಸಲಿಲ್ಲ. ಆ ಸಂಕಲನದ ಪ್ರಧಾನಕಲ್ಪನೆಯು ಮಧ್ಯ ಆಫ್ರಿಕದ ಪಿಗ್ಮಿಗಳ ಅರಣ್ಯವಾದುದರಿಂದ ಜೋಗುಳವೂ ಅಲ್ಲಿಯದೆಂಬ ಭ್ರಾಂತಿಯು ಹಬ್ಬಿತು. ನಾರ್ವೆಯ ಪ್ರಖ್ಯಾತ ವಾದಕನಾದ ಯಾನ್ ಗಾರ್ಬರೆಕನು 1996ರ ತನ್ನ ಸಂಕಲನದಲ್ಲಿ ಇದೇ ಧಾಟಿಗೆ ‘ಪಿಗ್ಮಿ ಜೋಗುಳ’ವೆಂದೇ ಹೆಸರಿಟ್ಟನು.

ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳು ಒಂದೆಡೆ ಸೇರಿ ವಿರೋಧಿಸಿದಾಗ ಹಿಂದಿನದಕ್ಕಿಂತ ಮುಂದಿನದು ದುರ್ಬಲವೆಂದು ಜೈಮಿನಿಯು ನಿರ್ಣಯಿಸಿರುವನು. ಆ ನ್ಯಾಯವು ವೇದವಾಕ್ಯಗಳ ವಿನಿಯೋಗಕ್ಕಾಗಿ ಹುಟ್ಟಿದುದಾದರೂ ಅದರ ತಿರುಳು ಇಲ್ಲಿಗೂ ಒಪ್ಪುವುದು. ಕಡೆಯದಾದ ಸಮಾಖ್ಯೆ, ಎಂದರೆ ಬರಿಯ ಹೆಸರು, ಎಲ್ಲಕ್ಕಿಂತಲೂ ದುರ್ಬಲ. ಇಲ್ಲಿ ಸಂಗೀತಗಾರರೂ ಕೇಳುಗರೂ ಹೆಸರನ್ನು ನಂಬಿ ಹಾಡಿನ ಶಬ್ದಗಳನ್ನೇ ಕಡೆಗಣಿಸಿದರು. ಬೈಗು ನುಡಿಯು ಆಸ್ಟ್ರೊನೇಷಿಯನ್ ವರ್ಗಕ್ಕೆ ಸೇರಿದುದು. ಆಫ್ರಿಕದ ಆ ಅರಣ್ಯವಾಸಿಗಳ ನುಡಿಗಳೊಡನೆ ಅದಕ್ಕೆ ಬಾಂಧವ್ಯವಿಲ್ಲ. ಜೆಂಪನು 1996ರಲ್ಲಿಯೂ ಸ್ಟೀವನ್ ಫೆಲ್ಡನು 2000ದಲ್ಲಿಯೂ ಬರೆದ ಲೇಖನಗಳಿಂದ ನಿಜವು ಪ್ರಕಟವಾಯಿತು. ಮುಂದೆ, ಇದೇ ಸಂಗೀತವನ್ನು ಹಿನ್ನೆಲೆಗಿಟ್ಟು ದೇಶದೇಶಗಳಲ್ಲಿ ಕುಣಿದ ಚಿತ್ರಗಳಿಂದ ಹೆಸರಾದ ಅಮೆರಿಕದ ಮ್ಯಾಟ್ ಹಾರ್ಡಿಂಗನು ಗಾಯಕಿಯನ್ನು ಅರಸುತ್ತ ಮಲೈತಾಕ್ಕೇ ಹೋದನು. ಅಷ್ಟರಲ್ಲಿ ಆಕೆಯು ಕಾಲವಾಗಿದ್ದಳು.

ಅರ್ಥವಿಲ್ಲದೆಯೂ ಸ್ವರದಿಂದಲೇ ರಸವು ವ್ಯಕ್ತವಾಗಲಾರದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆಗಬಲ್ಲುದು, ಗೀತಶಬ್ದಗಳಿಗೂ ವ್ಯಂಜಕತ್ವವುಂಟೆಂದು ಆನಂದವರ್ಧನನೇ ಒಪ್ಪಿರುವನು. ಆದರೆ ವಿಭಾವವು ತಿಳಿಯದಿದ್ದಲ್ಲಿ ಕೇಳುವವನು ತನ್ನ ಮನಸ್ಸಿನಿಂದಲೇ ಒಂದನ್ನು ಕಲ್ಪಿಸಿಕೊಳ್ಳುವನು. ಕಾಡು, ಕತ್ತಲೆ, ಭೂತ ಎಂಬಿವು ಹಾಗೆ ಬಂದು ಸೇರುವುವು. ಈ ಹಾಡಿನಲ್ಲಾದರೋ ತಂದೆತಾಯಿಗಳನ್ನು ಕಳೆದುಕೊಂಡ ಎಳೆಯ ತಮ್ಮನನ್ನು ಒಡಹುಟ್ಟು ಸಂತೈಸುತ್ತದೆ. ಸತ್ತವರು ತಮ್ಮ ದ್ವೀಪದಿಂದಲೇ ಮಕ್ಕಳನ್ನು ಕಾಯುವರೆಂದು ಧೈರ್ಯ ಹೇಳುತ್ತದೆ. ಈ ಆಲಂಬನವು ತಿಳಿದೊಡನೆ ಭಯಾನಕವೆಂದು ತೋರಿದುದು ಶುದ್ಧ ಕರುಣವಾಗಿ ನಿಲ್ಲುವುದು. ಸ್ವರವೊಂದಾದರೂ ಬದಲಾಗಿಲ್ಲ.

ಆದುದರಿಂದ ಗೀತದ ಮೂಲವನ್ನು ಗುರುತಿಸುವುದು ಬರಿಯ ಕುತೂಹಲದ ಕಾರ್ಯವಲ್ಲ. ಹಾಡಿದವಳಿಗೆ ಸಲ್ಲಬೇಕಾದ ಋಣವೂ ಅದರಲ್ಲುಂಟು, ಹಾಡಿನ ರಸವೂ ಅದರಲ್ಲುಂಟು. ಊರು, ನುಡಿ, ಹಾಡಿದವರ ಹೆಸರು ಈ ಮೂರನ್ನೂ ಬಿಟ್ಟು ಧಾಟಿಯನ್ನಷ್ಟೇ ಎತ್ತಿಕೊಂಡವರಿಗೆ ಅನಾಥ ಶಿಶುವಿನ ಅಳುವು ಕಾಡಿನ ಕೂಗಾಗಿ ಕೇಳಿಸಿತು.