ಅಮೀರ್‌ಬಾಯಿ ಕರ್ನಾಟಕಿ: ದನಿ ಮತ್ತು ಮುಖದ ನಡುವೆ

ಬೀಳಗಿಯ ಇಬ್ಬರು ಅಕ್ಕತಂಗಿಯರ ಬಗ್ಗೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ಅಕ್ಕ ಗೋಹರ್‌ಬಾಯಿ ಒಬ್ಬ ಮಹಾನ್ ಕಲಾವಿದನನ್ನು ಹಾಳು ಮಾಡಿದವಳು ಎಂಬುದು ಒಂದು ಕಥೆ. ತಂಗಿ ಅಮೀರ್‌ಬಾಯಿ ತಾನೇ ಹಾಳಾದವಳು ಎಂಬುದು ಇನ್ನೊಂದು. ಅಕ್ಕನ ಕಥೆಯಲ್ಲಿ ಅಳತೆಗೋಲು ಬಾಲಗಂಧರ್ವರು. ತಂಗಿಯ ಕಥೆಯಲ್ಲಿ ಮೊದಲು ಗಂಡ, ಆಮೇಲೆ ಲತಾ ಮಂಗೇಶ್ಕರ್. ಎರಡೂ ಕಥೆಗಳಲ್ಲಿ ಅಕ್ಕತಂಗಿಯರು ಮಾಡಿದ ಕೆಲಸವೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ. ಈ ಬರಹದಲ್ಲಿ ನಾನು ಅಮೀರ್‌ಬಾಯಿಯವರ ಕೆಲಸವನ್ನು ಮುಂದಿಟ್ಟುಕೊಂಡು ಅವರ ಬದುಕನ್ನು ನೋಡಲು ಯತ್ನಿಸುತ್ತೇನೆ.

ಕಳೆದ ಶತಮಾನದ ಮೊದಲ ದಶಕಗಳಲ್ಲಿ ಬೀಳಗಿ ಬಿಜಾಪುರ ಜಿಲ್ಲೆಯ ಸಣ್ಣ ಊರು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಅಲ್ಲಿನ ಮುಸ್ಲಿಂ ಮನೆಯೊಂದರಲ್ಲಿ ಹುಟ್ಟಿದ ಈ ಹುಡುಗಿಯರಿಗೆ ಮನೆಮಾತು ಕನ್ನಡ. ಗೋಹರ್ ಮೊದಲು ಮುಂಬಯಿ ಸೇರಿದರು, ಅಕ್ಕನ ದಾರಿಯಲ್ಲೇ ಅಮೀರ್ ಹೋದರು. 1934ರ ‘ವಿಷ್ಣುಭಕ್ತಿ’ಯಿಂದ ಅವರ ಸಿನಿಮಾ ಬದುಕು ಶುರುವಾಯಿತು. ಆಗ ಬಿಜಾಪುರದಿಂದ ಮುಂಬಯಿಗೆ ಹೋಗುವವರು ಹೋಟಗಿಗೆ ಬಂದು ದೊಡ್ಡ ಗಾಡಿ ಹಿಡಿಯಬೇಕಿತ್ತು. ಅದೇ ಹಳಿ ಈ ಕಡೆ ಕಲಬುರಗಿ, ಶಹಾಬಾದ, ವಾಡಿಯ ಮೇಲೆ ಮದ್ರಾಸಿನ ದಿಕ್ಕಿಗೆ ಹೋಗುತ್ತದೆ. ಬೀಳಗಿ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು, ನಮ್ಮ ಗುಂಡಗುರ್ತಿ, ಚಿತ್ತಾಪುರ, ಸೇಡಂ ನಿಜಾಮರ ರಾಜ್ಯದಲ್ಲಿದ್ದವು. ಹಳಿ ಒಂದೇ, ಸರ್ಕಾರ ಬೇರೆ. ಇದನ್ನು ಹೇಳಲು ಕಾರಣವಿದೆ. ‘ಕರ್ನಾಟಕ’ ಎಂಬ ಹೆಸರಿನ ರಾಜ್ಯ ಆಗ ಎಲ್ಲೂ ಇರಲಿಲ್ಲ.

ಆ ಕಾಲದ ಗಾಯಕಿಯರ ಹೆಸರಿನ ಮುಂದೆ ಊರು ಅಂಟಿಕೊಂಡಿರುತ್ತಿತ್ತು. ಜೊಹ್ರಾಬಾಯಿ ಅಂಬಾಲೆವಾಲಿ, ಜೊಹ್ರಾಬಾಯಿ ಆಗ್ರೆವಾಲಿ, ಜಾನಕಿಬಾಯಿ ಅಲಹಾಬಾದಿ. ಗ್ರಾಮಫೋನ್ ತಟ್ಟೆಯ ಮೇಲೆ ಅಚ್ಚಾದ ಊರಿನ ಹೆಸರು ಒಂದು ಬಗೆಯ ಮುದ್ರೆ, ಮಾಲು ಎಲ್ಲಿಯದು ಎಂದು ಗಿರಾಕಿಗೆ ಹೇಳುವ ಚೀಟಿ. ಆದರೆ ಅಮೀರ್ ‘ಬೀಳಗಿವಾಲಿ’ ಆಗಲಿಲ್ಲ, ‘ಬಿಜಾಪುರಿ’ ಆಗಲಿಲ್ಲ, ‘ಕರ್ನಾಟಕಿ’ ಆದರು. ಅಂಬಾಲಾ ಒಂದು ಊರು, ಆಗ್ರಾ ಒಂದು ಊರು. ಕರ್ನಾಟಕ ಆಗ ಒಂದು ನುಡಿಯ ಹೆಸರು, ಒಂದು ಬಯಕೆಯ ಹೆಸರು. ಸೇಡಂ ತಾಲೂಕಿನ ಮಳಖೇಡದಲ್ಲಿ ಆಳಿದ ನೃಪತುಂಗನ ಕಾಲದ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿವರೆಗೆ ಕನ್ನಡನಾಡನ್ನು ಗುರುತಿಸಿತ್ತು ಎಂದು ನಾವು ಶಾಲೆಯಲ್ಲಿ ಓದುತ್ತೇವೆ. ಏಕೀಕರಣವಾದದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟದ್ದು 1973ರಲ್ಲಿ. ಉರ್ದು-ಹಿಂದಿಯಲ್ಲಿ ಹಾಡುತ್ತಿದ್ದ ಒಬ್ಬ ಮುಸ್ಲಿಂ ಹೆಣ್ಣುಮಗಳು ಅದಕ್ಕೆ ದಶಕಗಳ ಮೊದಲೇ ಆ ಹೆಸರನ್ನು ಸಿನಿಮಾದ ಪರದೆಯ ಮೇಲೆ ಹೊತ್ತು ತಿರುಗಿದ್ದರು. ಏಕೀಕರಣದ ಇತಿಹಾಸ ಬರೆಯುವಾಗ ನಾವು ಕವಿಗಳನ್ನು, ಪತ್ರಿಕೆಗಳನ್ನು, ಸಂಘಗಳನ್ನು ನೆನೆಯುತ್ತೇವೆ. ಗ್ರಾಮಫೋನ್ ತಟ್ಟೆಯನ್ನು ನೆನೆಯುವುದಿಲ್ಲ.

ಇನ್ನು ‘ಬಾಯಿ’. ನಮ್ಮ ಕಡೆ ಇದು ತೀರಾ ಸಾಮಾನ್ಯ ಮಾತು. ಶರಣಬಾಯಿ, ಗುರುಬಾಯಿ, ಕಾಶಿಬಾಯಿ ಎಂಬ ಹೆಸರುಗಳು ಪ್ರತಿ ಓಣಿಯಲ್ಲೂ ಸಿಗುತ್ತವೆ, ಜಾತಿಧರ್ಮದ ಹಂಗಿಲ್ಲದೆ. ಅದೇ ‘ಬಾಯಿ’ ಹಾಡುವ ಹೆಣ್ಣಿನ ಹೆಸರಿಗೆ ಅಂಟಿದರೆ ಮುಂಬಯಿ, ದಿಲ್ಲಿಗಳಲ್ಲಿ ಅದರ ಅರ್ಥ ಬದಲಾಗುತ್ತಿತ್ತು. ಆಕೆ ಯಾವ ಮನೆತನದವಳು, ಯಾರ ಮುಂದೆ ಹಾಡುತ್ತಿದ್ದವಳು ಎಂಬ ಪ್ರಶ್ನೆ ಹಾಡಿಗಿಂತ ಮುಂದೆ ಬಂದು ನಿಲ್ಲುತ್ತಿತ್ತು. ವಲ್ಲಭಭಾಯಿ ಪಟೇಲರು ಪ್ರಸಾರ ಖಾತೆಯನ್ನು ನೋಡಿಕೊಳ್ಳುತ್ತಿದ್ದಾಗ, ಖಾಸಗಿ ಬದುಕು ಸರಿಯಿಲ್ಲ ಎನ್ನಲಾದ ಗಾಯಕಿಯರನ್ನು ಆಕಾಶವಾಣಿಯಿಂದ ದೂರ ಇಡಲಾಯಿತು. 1952ರ ನಂತರ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಸಿನಿಮಾ ಹಾಡುಗಳಿಗೇ ಅಲ್ಲಿ ಜಾಗ ಇಲ್ಲವಾಯಿತು. ಹೊಸ ದೇಶಕ್ಕೆ ಶುದ್ಧವಾದ ದನಿ ಬೇಕಿತ್ತು. ಯಾವುದು ಶುದ್ಧ ಎಂಬುದನ್ನು ಕಿವಿ ಒಂದೇ ನಿರ್ಧರಿಸಲಿಲ್ಲ.

ಈ ಹಿನ್ನೆಲೆಯಲ್ಲಿ ‘ಕಿಸ್ಮತ್’ ಚಿತ್ರವನ್ನು ನೋಡಬೇಕು. 1943ರಲ್ಲಿ ಬಾಂಬೆ ಟಾಕೀಸ್ ತೆಗೆದ ಈ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಸಂಗೀತ ಅನಿಲ್ ಬಿಸ್ವಾಸ್, ಗೀತರಚನೆ ಕವಿ ಪ್ರದೀಪ್. ನಾಯಕಿ ಮುಮ್ತಾಜ್ ಶಾಂತಿ, ಆಕೆಯ ಹಾಡಿನ ದನಿ ಅಮೀರ್‌ಬಾಯಿ. ಪರಕೀಯರಿಗೆ ಹೊರನಡೆಯಿರಿ ಎಂದು ಹೇಳುವ ಆ ಪ್ರಸಿದ್ಧ ಸಮೂಹಗೀತೆ ಜರ್ಮನಿ, ಜಪಾನುಗಳ ಹೆಸರು ಹೇಳಿ ಬ್ರಿಟಿಷರ ಸೆನ್ಸಾರನ್ನು ದಾಟಿತು. ಯಾರಿಗೆ ಹೇಳಿದ್ದೆಂದು ಚಿತ್ರಮಂದಿರದಲ್ಲಿ ಕುಳಿತವರಿಗೆಲ್ಲ ಗೊತ್ತಿತ್ತು. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ ದೇಶದ ಸಿಟ್ಟನ್ನು ಪರದೆಯ ಮೇಲೆ ಹಾಡಿದ ದನಿ ಒಬ್ಬ ‘ಬಾಯಿ’ಯದು. ಇನ್ನು 1940ರ ‘ನರಸಿ ಭಗತ್’ನಲ್ಲಿ ಗಾಂಧಿಯವರಿಗೆ ಪ್ರಿಯವಾದ ನರಸಿಂಹ ಮೆಹತಾರ ಭಜನೆಯನ್ನು ಹಾಡಿದವರಲ್ಲೂ ಇವರಿದ್ದರು. ಗಾಂಧಿಯವರು ಈ ಹಾಡುಗಾರಿಕೆಯನ್ನು ಮೆಚ್ಚಿದ್ದರೆಂಬ ಮಾತು ಇವತ್ತಿಗೂ ಪ್ರಚಲಿತ. ಭಕ್ತಿಗೂ ದೇಶಭಕ್ತಿಗೂ ಬೇಕಾಗಿದ್ದ ದನಿಗಳನ್ನು ಸ್ವಾತಂತ್ರ್ಯ ಬಂದ ಮೇಲೆ ದೇಶ ಸಂಶಯದಿಂದ ನೋಡಿತು.

‘ಕಿಸ್ಮತ್’ನಲ್ಲೇ ಇನ್ನೊಂದು ಹಾಡಿದೆ. ಮೋಡಕ್ಕೆ ಸದ್ದು ಮಾಡಬೇಡವೆಂದು ಬೇಡುವ, ಜೋಗುಳದಂಥ ಹಾಡು. ವಿದ್ಯಾರ್ಥಿಗಳು ಸಮೂಹಗೀತೆಯ ನಂತರ ಇದನ್ನು ಕೇಳಬೇಕೆಂದು ನನ್ನ ಸೂಚನೆ. ಮೊದಲನೆಯದರಲ್ಲಿ ಅಮೀರ್‌ಬಾಯಿ ನಾಟಕ ಕಂಪನಿಯ ರಂಗದ ಮೇಲೆ ನಿಂತವರಂತೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವ ಹಾಗೆ ಎದೆಯಿಂದ ಹಾಡುತ್ತಾರೆ. ಎರಡನೆಯದರಲ್ಲಿ ಅದೇ ಎದೆಯ ದನಿಯನ್ನು ತಗ್ಗಿಸಿ, ಮೈಕಿಗೆ ಎಷ್ಟು ಬೇಕೋ ಅಷ್ಟನ್ನೇ ಕೊಡುತ್ತಾರೆ. ‘ಹಳೆಯ ಕಾಲದ ದಪ್ಪ ದನಿ, ಮೈಕಿಗೆ ಒಗ್ಗಲಿಲ್ಲ’ ಎಂಬ ಸಿದ್ಧ ತೀರ್ಮಾನವನ್ನು ಈ ಒಂದು ಹಾಡು ಸುಳ್ಳು ಮಾಡುತ್ತದೆ. ಅವರಿಗೆ ಮೈಕು ಗೊತ್ತಿತ್ತು. 1947ರ ‘ಶೆಹನಾಯಿ’ಯಲ್ಲಿ ಸಿ. ರಾಮಚಂದ್ರ ಪಾಶ್ಚಾತ್ಯ ಕುಣಿತದ ಧಾಟಿಯನ್ನು ಹಿಂದಿ ಹಾಡಿಗೆ ತಂದರು. ಮುಂಬಯಿಯ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದ ಗೋವೆಯ ವಾದಕರು ಆಗ ಸಿನಿಮಾದ ವಾದ್ಯವೃಂದಗಳಿಗೆ ಬರತೊಡಗಿದ್ದರು. ಅದೇ ಚಿತ್ರದಲ್ಲಿ ಅಮೀರ್‌ಬಾಯಿಯವರ ಹಾಡೂ ಇದೆ. ಹೊಸ ಕಾಲ ಬಂದಾಗ ಅವರು ಬಾಗಿಲಾಚೆ ನಿಂತಿರಲಿಲ್ಲ, ಒಳಗೇ ಇದ್ದರು.

ಹಾಗಾದರೆ ಏನಾಯಿತು? ‘ಲತಾ ಬಂದರು, ಅಮೀರ್‌ಬಾಯಿ ಮುಗಿದರು’ ಎನ್ನುವುದು ಸುಲಭ. 1948ರ ‘ಮಜಬೂರ್’, 1949ರ ‘ಮಹಲ್’, ‘ಬರಸಾತ್’, ‘ಅಂದಾಜ್’ ಬಂದ ಮೇಲೆ ಲತಾ ಅವರ ದನಿ ಹಿಂದಿ ಚಿತ್ರದ ನಾಯಕಿಯ ದನಿಯಾಯಿತು ಎಂಬುದು ನಿಜ. ಆದರೆ ಇದರ ಬೀಜ ಅದಕ್ಕೂ ಹಿಂದೆ ಇದೆ. 1935ರ ‘ಧೂಪ್ ಛಾಂವ್’ ಹೊತ್ತಿಗೆ ಹಿನ್ನೆಲೆ ಗಾಯನ ಶುರುವಾಗಿತ್ತು. ಅಲ್ಲಿಯವರೆಗೆ ಹಾಡುವವಳೇ ನಟಿಸಬೇಕು, ನಟಿಸುವವಳೇ ಹಾಡಬೇಕು. ಹಿನ್ನೆಲೆ ಗಾಯನ ಬಂದ ಮೇಲೆ ದನಿ ಒಬ್ಬಳದು, ಮುಖ ಇನ್ನೊಬ್ಬಳದು. ಅಮೀರ್‌ಬಾಯಿಯವರ ದೊಡ್ಡ ಗೆಲುವು ಬಂದದ್ದೇ ಈ ಸೀಳಿನಿಂದ. ‘ಕಿಸ್ಮತ್’ನಲ್ಲಿ ಅವರ ದನಿ ಗೆದ್ದಿತು, ಮುಖ ಕಾಣಲಿಲ್ಲ. ಐದಾರು ವರ್ಷಗಳಲ್ಲಿ ಅದೇ ಸೀಳು ಅವರ ಎದುರು ನಿಂತಿತು. ಮುಖಕ್ಕೆ ಅಂಟಿರದ ದನಿಯನ್ನು ಬದಲಿಸುವುದು ಸುಲಭ. ನಟಿ-ಗಾಯಕಿಯನ್ನು ತೆಗೆಯಬೇಕಾದರೆ ಪಾತ್ರವನ್ನೇ ಬದಲಿಸಬೇಕು, ಹಿನ್ನೆಲೆ ಗಾಯಕಿಯನ್ನು ತೆಗೆಯಲು ಒಂದು ಧ್ವನಿಮುದ್ರಣ ಸಾಕು. ಲತಾ ಇರದಿದ್ದರೂ ಬೇರೊಬ್ಬರು ಬರುತ್ತಿದ್ದರು. ಇದು ಇಬ್ಬರು ಹೆಣ್ಣುಮಕ್ಕಳ ಜಗಳವಲ್ಲ, ಕೆಲಸವನ್ನು ಹೋಳು ಮಾಡಿದ ಒಂದು ಉದ್ಯಮದ ಕಥೆ.

ಅವರ ಮೊದಲ ಮದುವೆ ಖಳನಟ ಹಿಮಾಲಯವಾಲಾ ಜತೆ ಆಯಿತು. ಆ ದಾಂಪತ್ಯದಲ್ಲಿ ಅವರು ಹಿಂಸೆ ಉಂಡರೆಂದು ಅವರ ಬಗ್ಗೆ ಬರೆದ ಬಹುತೇಕರು ಹೇಳುತ್ತಾರೆ. ದೇಶವಿಭಜನೆಯಲ್ಲಿ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋದರು. ನೂರ್‌ಜಹಾನ್, ಖುರ್ಷೀದ್ ಕೂಡ ಹೋದರು. ಅಮೀರ್‌ಬಾಯಿ ಹೋಗಲಿಲ್ಲ. ಮುಂದೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ಈ ನೋವನ್ನು ಮರೆಮಾಚಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅದೊಂದನ್ನೇ ಇಡೀ ಬದುಕಿನ ತಿರುಳಾಗಿಸಿದರೆ, 1948ರ ‘ಶಹನಾಜ್’ ಚಿತ್ರಕ್ಕೆ ಅಮೀರ್‌ಬಾಯಿ ತಾವೇ ಸಂಗೀತ ಸಂಯೋಜಿಸಿದರು ಎಂಬ ಸಂಗತಿ ಅಡಿಟಿಪ್ಪಣಿಯಾಗಿಬಿಡುತ್ತದೆ. ಹಿಂದಿ ಸಿನಿಮಾದಲ್ಲಿ ಅಷ್ಟರಲ್ಲಿ ಸಂಗೀತ ನಿರ್ದೇಶನ ಮಾಡಿದ ಹೆಂಗಸರು ಸರಸ್ವತಿದೇವಿ, ಜದ್ದನ್‌ಬಾಯಿಯಂಥ ಬೆರಳೆಣಿಕೆಯವರು. ದನಿಗೆ ಬೇಡಿಕೆ ಇಳಿಯುವ ಹೊತ್ತಿನಲ್ಲೇ ಅವರು ಹಾಡು ಕಟ್ಟಲು ಕುಳಿತರು. ಇದು ಸೋತವರ ನಡೆಯಲ್ಲ.

ನಂತರದ ವರ್ಷಗಳಲ್ಲಿ ಅವರು ಪೋಷಕ ಪಾತ್ರಗಳಲ್ಲಿ ನಟಿಸಿದರು. ಇದನ್ನು ‘ಪಾಪ, ಕೊನೆಗೆ ತಾಯಿ ಪಾತ್ರಕ್ಕೆ ಇಳಿದರು’ ಎಂಬ ಧಾಟಿಯಲ್ಲಿ ಬರೆಯಲಾಗುತ್ತದೆ. ನಮ್ಮ ನಾಟಕ ಕಂಪನಿಗಳನ್ನು ಕಂಡವರು ಈ ‘ಇಳಿದರು’ ಎಂಬ ಕ್ರಿಯಾಪದವನ್ನು ಒಪ್ಪಲಾರರು. ಕಂಪನಿಯಲ್ಲಿ ನಟಿಗೆ ವಯಸ್ಸಾದಂತೆ ಪಾತ್ರ ಬದಲಾಗುತ್ತದೆ, ಪಗಾರ ನಿಲ್ಲುವುದಿಲ್ಲ, ಮರ್ಯಾದೆಯೂ ಹೋಗುವುದಿಲ್ಲ. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದ ಆರ್. ನಾಗರತ್ನಮ್ಮ ಕಂಸ, ರಾವಣರ ಪಾತ್ರಗಳಲ್ಲಿ ಹೆಸರಾದರು. ಬಿ. ಜಯಶ್ರೀ ಎಷ್ಟೋ ನಾಯಕಿಯರಿಗೆ ತೆರೆಮರೆಯಲ್ಲಿ ತಮ್ಮ ದನಿ ಕೊಟ್ಟು, ‘ನಾಗಮಂಡಲ’ದಲ್ಲಿ ಕುರುಡವ್ವನಾಗಿ ಕಾಣಿಸಿಕೊಂಡು, 2001ರ ‘ನನ್ನ ಪ್ರೀತಿಯ ಹುಡುಗಿ’ಯ ಹಾಡಿನಿಂದ ಹೊಸ ತಲೆಮಾರಿಗೂ ಪರಿಚಿತರಾದರು. ದನಿಯೂ ಮುಖವೂ ಬೇರೆ ಬೇರೆ ಕಡೆ ದುಡಿಯುವುದು ನಮ್ಮ ನಟಿಯರಿಗೆ ಹೊಸದಲ್ಲ.

ಅಮೆರಿಕದ ಎಥೆಲ್ ವಾಟರ್ಸ್ ಇಲ್ಲಿ ನೆನಪಾಗುತ್ತಾರೆ. ಬ್ಲೂಸ್, ಜಾಝ್ ಹಾಡುತ್ತ ಬಂದ ಈ ಕಪ್ಪು ಗಾಯಕಿ 1949ರ ‘ಪಿಂಕಿ’ಯಲ್ಲಿ ಅಜ್ಜಿಯ ಪಾತ್ರ ಮಾಡಿ ಪೋಷಕ ನಟಿಯಾಗಿ ಆಸ್ಕರ್‌ಗೆ ನಾಮಕರಣಗೊಂಡರು. ಮರುವರ್ಷ ‘ದ ಮೆಂಬರ್ ಆಫ್ ದ ವೆಡ್ಡಿಂಗ್’ ನಾಟಕದಲ್ಲಿ ಅಡುಗೆಯವಳ ಪಾತ್ರ ಮಾಡಿ ಹೊಗಳಿಕೆ ಪಡೆದರು, 1951ರಲ್ಲಿ ಆತ್ಮಕಥೆ ತಂದರು. ಅಲ್ಲೂ ಕಪ್ಪು ನಟಿಗೆ ಸಿಗುತ್ತಿದ್ದದ್ದು ಅಜ್ಜಿ, ಅಡುಗೆಯವಳ ಪಾತ್ರಗಳೇ. ಆ ಅನ್ಯಾಯವನ್ನು ವಿಮರ್ಶಕರು ಬರೆದಿದ್ದಾರೆ, ಜತೆಗೇ ಆ ಪಾತ್ರಗಳಲ್ಲಿ ಆಕೆ ಏನು ಮಾಡಿದರೆಂಬುದನ್ನೂ ಬರೆದಿದ್ದಾರೆ. ನಮ್ಮಲ್ಲಿ ಅನ್ಯಾಯಕ್ಕೆ ಮರುಗುವುದು ನಡೆಯುತ್ತದೆ, ಪಾತ್ರವನ್ನು ನೋಡುವುದು ನಡೆಯುವುದಿಲ್ಲ.

ಗೋಹರ್‌ಬಾಯಿಯವರ ವಿಷಯದಲ್ಲೂ ಇಷ್ಟೇ. ಹೆಣ್ಣುಪಾತ್ರಗಳಿಂದ ಮಹಾರಾಷ್ಟ್ರವನ್ನು ಮೋಡಿ ಮಾಡಿದ್ದ ಬಾಲಗಂಧರ್ವರಿಗೆ ವಯಸ್ಸಾದಾಗ ಗೋಹರ್ ಆ ಪಾತ್ರಗಳನ್ನು ಕೈಗೆತ್ತಿಕೊಂಡರು, ಬಾಲಗಂಧರ್ವರ ಧಾಟಿಯಲ್ಲೇ ಹಾಡಿದರು. ಹೆಣ್ಣಿನ ಪಾತ್ರವನ್ನು ಹೆಣ್ಣು ಮಾಡಿದ್ದು ಹಲವರಿಗೆ ಅಪಚಾರವಾಗಿ ಕಂಡಿತು. ಬಾಲಗಂಧರ್ವರ ಕುಸಿತಕ್ಕೆ ಆಕೆಯನ್ನೇ ಹೊಣೆ ಮಾಡಿದರು. ಆಕೆಯ ಧರ್ಮ, ಆಕೆಯ ಹಿನ್ನೆಲೆ ಇವೆಲ್ಲ ಆ ತೀರ್ಪಿನಲ್ಲಿ ಸೇರಿಕೊಂಡವು.

ಕನ್ನಡದಲ್ಲಿ ಅಮೀರ್‌ಬಾಯಿ ಮತ್ತೆ ಓದುಗರಿಗೆ ಸಿಕ್ಕದ್ದು ರಹಮತ್ ತರೀಕೆರೆಯವರ ಪುಸ್ತಕದಿಂದ. ಸೂಫಿಗಳನ್ನು, ನಾಥರನ್ನು ಅರಸಿ ಊರೂರು ತಿರುಗಿದ ವಿದ್ವಾಂಸರು ಸಿನಿಮಾ ಗಾಯಕಿಯೊಬ್ಬರ ಬೆನ್ನುಹತ್ತಿದ್ದು ಆಕಸ್ಮಿಕವಲ್ಲ ಎಂದು ನನಗೆ ಅನಿಸುತ್ತದೆ. ಕನ್ನಡ ಸಂಸ್ಕೃತಿ ಎಂದರೆ ಕನ್ನಡದಲ್ಲಿ ಬರೆದದ್ದು, ಹಾಡಿದ್ದು ಮಾತ್ರ ಎಂದುಕೊಂಡರೆ ಅಮೀರ್‌ಬಾಯಿ ಅದರ ಹೊರಗೆ ಉಳಿಯುತ್ತಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಕಚೇರಿಯಲ್ಲಿ ಒಂದು ಕಾಲಕ್ಕೆ ಉರ್ದು, ಹೀಗೆ ಬಾಳಿದ ಚಿತ್ತಾಪುರ, ಸೇಡಂ, ಶಹಾಬಾದದ ಜನಕ್ಕೆ ಈ ಗೆರೆ ವಿಚಿತ್ರವಾಗಿ ಕಾಣುತ್ತದೆ. ಈ ಗೆರೆಯ ಪ್ರಕಾರ ನಮ್ಮಲ್ಲಿ ಅರ್ಧ ಜನ ಅರ್ಧ ದಿನ ಕನ್ನಡಿಗರಲ್ಲ! ‘ಕನ್ನಡ ಕೋಕಿಲೆ’ ಎಂಬ ಬಿರುದು ಅವರಿಗೆ ಸಂದದ್ದು ಹಿಂದಿ ಹಾಡುಗಳಿಂದ. ಆ ಬಿರುದು ಕೊಟ್ಟವರಿಗೆ ಇದರಲ್ಲಿ ವಿರೋಧಾಭಾಸ ಕಂಡಿರಲಿಲ್ಲ.

ಅಮೀರ್‌ಬಾಯಿ ತೀರಿಕೊಂಡದ್ದು 1965ರ ಮಾರ್ಚ್ 3ರಂದು. ಬಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಇದೆ. ಮುಂಬಯಿಯಲ್ಲಿ ದುಡಿದದ್ದರಲ್ಲಿ ಒಂದು ಪಾಲನ್ನು ತಮ್ಮ ಜಿಲ್ಲೆಯಲ್ಲಿ ಚಿತ್ರಮಂದಿರವಾಗಿಸಿದ ಹೆಂಗಸನ್ನು ಬರೀ ದುರಂತ ನಾಯಕಿ ಎಂದು ಬರೆದರೆ ಲೆಕ್ಕ ಕೂಡುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ರಂಗಭೂಮಿಯ ಮೇಲೆ, ಜಾನಪದದ ಮೇಲೆ ಸಂಶೋಧನೆಗಳು ನಡೆಯುತ್ತವೆ. ಅಮೀರ್‌ಬಾಯಿ ಹಾಡಿದ ಹಾಡುಗಳನ್ನು ಒಂದೊಂದಾಗಿ ಕೇಳಿ, ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಮಾತಿಗೆ ಒತ್ತು ಕೊಡುತ್ತಾರೆ, ಬಯಲುಸೀಮೆಯ ರಂಗಗೀತೆಯ ಯಾವ ಪಟ್ಟು ಮುಂಬಯಿಯ ಮೈಕಿನವರೆಗೂ ಹೋಯಿತು ಎಂದು ಗುರುತು ಹಾಕುವ ಕೆಲಸ ಬಾಕಿ ಇದೆ. ಅವರ ಪೋಷಕ ಪಾತ್ರಗಳನ್ನು ಒಂದೊಂದಾಗಿ ನೋಡುವ ಕೆಲಸವೂ ಬಾಕಿ ಇದೆ. ಹಾಡುಗಳಲ್ಲಿ ಹಲವು ಈಗ ಫೋನಿನಲ್ಲೇ ಸಿಗುತ್ತವೆ. ‘ಕಿಸ್ಮತ್’ನಿಂದ ಶುರು ಮಾಡಬಹುದು.