ಹೊಳಪಿಗಿಂತ ಮೊದಲು ಸಂದು

ಹಳೆಯ ಮಾರ್ಬಲ್ ನೆಲವನ್ನು ಹೊಸದು ಮಾಡಿಕೊಡುವ ಕೆಲಸ ನಮ್ಮ ಊರುಗಳಲ್ಲಿ ಚೆನ್ನಾಗಿ ಬೇರೂರಿದೆ. ಪಾಲಿಶ್ ವಿಷಯದಲ್ಲಿ ನಮ್ಮ ಕೆಲಸಗಾರರ ಕೈ ಪಳಗಿದ್ದು. ಒರಟು ಕಲ್ಲಿನಿಂದ ಶುರುಮಾಡಿ 120, 220, 400 ಎಂದು ನಂಬರ್ ಏರಿಸುತ್ತ, ನೀರು ಹಾಯಿಸುತ್ತ, ಒಂದು ಹಂತದ ಗೀರನ್ನು ಮುಂದಿನದರಲ್ಲಿ ಅಳಿಸಿಹಾಕುವುದು ನೋಡುವಂಥ ಕೆಲಸ. ನನ್ನ ತಕರಾರು ಅದಕ್ಕೂ ಮುಂಚಿನ ಹಂತದ್ದು.

ಸಂದು ತುಂಬುವುದೆಂದರೆ ಕಪ್ಪಗಾದ ಹಳೆಯ ಗ್ರೌಟ್ ಮೇಲೆಯೇ ಬಿಳಿ ಸಿಮೆಂಟ್ ಕಲಸಿ ಎಳೆದುಬಿಡುವುದು ಎಂದಾಗಿಹೋಗಿದೆ. ಅಡಿಯಲ್ಲಿ ಜಿಡ್ಡು, ಸೋಪಿನ ಪಸೆ ಹಾಗೇ ಇರುವಾಗ ಕಾಗದದಷ್ಟು ತೆಳ್ಳಗಿನ ಆ ಪದರ ಯಾವುದನ್ನು ಹಿಡಿದು ನಿಲ್ಲಬೇಕು? ಬೇಗನೆ ಚಕ್ಕೆಯಾಗಿ ಏಳುತ್ತದೆ. ಹಳೆಯದನ್ನು ಆಳದವರೆಗೆ, ಕಲ್ಲಿನ ಅಂಚು ಒಡೆಯದಂತೆ ಕೈಯಲ್ಲೇ ಕೆರೆದು, ಧೂಳು ತೆಗೆದು ತುಂಬಿದರೆ ಮಾತ್ರ ನಿಲ್ಲುತ್ತದೆ. ಕಿರಿದಾದ ಸಂದಿಗೆ ಮರಳಿಲ್ಲದ ಗ್ರೌಟ್ ಬೇಕು. ಮರಳು ಮಾರ್ಬಲ್ ಮೇಲೆ ಗೀರು ಬೀಳಿಸುತ್ತದೆ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಕೂಲಿಯೋ ಚದರಡಿ ಲೆಕ್ಕದಲ್ಲಿ. ಕೆರೆಯುವ ಹೊತ್ತಿಗೆ ಯಾರೂ ದುಡ್ಡು ಕೊಡದಿರುವಾಗ ಕೆಲಸಗಾರನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಆದರೆ ಆಸಿಡ್ ವಾಶ್ ಅನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಲಾರೆ. ಸಂದಿನ ಕಪ್ಪು ಹೋಗಲೆಂದು ಆಸಿಡ್ ಸುರಿಯುತ್ತಾರೆ, ಬುಸಬುಸ ನೊರೆ ಬರುತ್ತದೆ, ಕೊಳೆ ಬಿಡುತ್ತಿದೆ ಎಂದು ಮನೆಯವರಿಗೂ ಖುಷಿ. ಮಾರ್ಬಲ್ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್; ಆ ನೊರೆ ಕಲ್ಲೇ ಕರಗುವಾಗ ಏಳುವ ಇಂಗಾಲದ ಡೈಆಕ್ಸೈಡ್. ಒಣಗಿದ ಮೇಲೆ ಬಗ್ಗಿ ಬೆಳಕಿಗೆ ಅಡ್ಡವಾಗಿ ನೋಡಿ: ಸಂದಿನ ಎರಡೂ ಬದಿಯಲ್ಲಿ ಹೊಳಪು ಸತ್ತ ಮಂಕು ಪಟ್ಟಿ ಕಾಣುತ್ತದೆ, ಸವರಿದರೆ ಬೆರಳಿಗೆ ತರಿತರಿ. ಗ್ರೌಟಿನ ಸಿಮೆಂಟನ್ನೂ ಆಸಿಡ್ ತಿನ್ನುತ್ತದೆ, ಮುಂದಿನ ಕೊಳೆ ಅಲ್ಲೇ ಕೂರುತ್ತದೆ. ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜುವ ಮನೆಮದ್ದೂ ಇದೇ ಜಾತಿಯದು.

ಎಪಾಕ್ಸಿ ಗ್ರೌಟ್ ನೀರು ಹೀರುವುದಿಲ್ಲ, ನಿಜ. ಬಿಳಿ ಕಲ್ಲಿನ ಅಂಚಿಗೆ ಕಲೆ ಹಿಡಿಸುವ ಅಪಾಯವೂ ಇರುವುದರಿಂದ ಮೂಲೆಯ ಒಂದು ಕಲ್ಲಲ್ಲಿ ಪರೀಕ್ಷಿಸಿಯೇ ಮುಂದುವರಿಯಬೇಕು. ಯಾವ ಗ್ರೌಟ್ ಆದರೂ ಗಟ್ಟಿಯಾದ ಮೇಲೆಯೇ ಮೆಷಿನ್ ಓಡಲಿ. ಆಗ ಕಲ್ಲೂ ಸಂದೂ ಒಂದೇ ಮಟ್ಟಕ್ಕೆ ಬರುತ್ತವೆ.

ಒಂದೇ ಜಾಗದಲ್ಲಿ ಸಂದು ಮತ್ತೆ ಮತ್ತೆ ಬಿರಿಯುತ್ತಿದ್ದರೆ ಅಲ್ಲಿ ಗ್ರೌಟ್ ಬದಲಿಸಿ ಉಪಯೋಗವಿಲ್ಲ. ನಾಣ್ಯದಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಆ ಕಲ್ಲು ಅಡಿಯಿಂದ ಬಿಟ್ಟಿದೆ. ಎಬ್ಬಿಸಿ, ಹೊಸ ಗಾರೆ ಹಾಕಿ ಕೂರಿಸಿದ ಮೇಲೆಯೇ ಸಂದಿನ ಮಾತು.